ಬ್ಯಾಗ್ ಬಿಡಬೇಡ ಅಂದ್ರು: ಬೇಸಿಗೆ ರಜೆಯ ಒಂದು ಆಪ್ತಸಲಹೆ ಪ್ರಕರಣ

ಈ ಬರಹದಲ್ಲಿರುವ ಹೆಸರುಗಳು ನಿಜವಾದವಲ್ಲ. ಊರು ಹೇಳಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಹುಡುಗಿ ಮತ್ತು ಅವಳ ತಾಯಿ ಇಬ್ಬರೂ ಓದಿ, ಒಪ್ಪಿದ ಮೇಲೆಯೇ ಇದನ್ನು ಹಂಚಿಕೊಳ್ಳುತ್ತಿದ್ದೇನೆ.

ಹುಡುಗಿಗೆ 13 ವರ್ಷ. ಕಾವ್ಯ ಅನ್ನೋಣ. ಖಾಸಗಿ ಶಾಲೆಯಲ್ಲಿ ಎಂಟನೇ ಕ್ಲಾಸ್ ಮುಗಿಸಿದ್ದಾಳೆ. ತಂದೆಗೆ ಅಂಗಡಿ ಇದೆ. ತಾಯಿ ಬಡಾವಣೆಯ ಮಹಿಳಾ ಸಂಘದಲ್ಲಿ ಮುಂದೆ ನಿಂತು ಓಡಾಡುವವರು. ಮೇ ಮೊದಲ ವಾರದಲ್ಲಿ ಅವರೇ ಮಗಳನ್ನು ಕರೆದುಕೊಂಡು ಬಂದರು.

"ರಜೆ ಶುರುವಾದಾಗ ಚೆನ್ನಾಗೇ ಇದ್ಲು ಮೇಡಂ. ಈಗ ರೂಮಿಂದ ಹೊರಗೇ ಬರಲ್ಲ. ಊಟಕ್ಕೆ ಕರೆದ್ರೆ ರೇಗ್ತಾಳೆ. ಸಂಘದ ಕೆಲಸಕ್ಕೆ ಬಾ ಅಂದ್ರೆ ಸಾಕು, ಬಾಗಿಲು ಹಾಕ್ಕೊಂಡು ಅಳ್ತಾಳೆ. ಮೊಬೈಲ್ ಜಾಸ್ತಿ ಆಗಿದೆ ಅನ್ಸುತ್ತೆ. ಇಲ್ಲಾಂದ್ರೆ ಸೋಮಾರಿತನ."

ಮಗಳು ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಹೊರಗೆ ಕೂತಿರಿ ಎಂದು ತಾಯಿಗೆ ಹೇಳಿದೆ. ಈ ವಯಸ್ಸಿನ ಮಕ್ಕಳು ಅಪ್ಪ ಅಮ್ಮನ ಎದುರು ಮುಖ್ಯವಾದದ್ದನ್ನು ಹೇಳುವುದು ಕಡಿಮೆ. ತಾಯಿ ಹೋದ ಮೇಲೂ ಕಾವ್ಯ ಬಾಯಿ ಬಿಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಆಮೇಲೆ ಅವಳೇ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದಳು.

ಸಂಘದವರು ಪೌರಕಾರ್ಮಿಕರ ಕಾಲೋನಿಯಲ್ಲಿ ಮಕ್ಕಳಿಗೆ ಬ್ಯಾಗ್, ನೋಟ್‌ಬುಕ್ ಹಂಚಿದ ದಿನದ ಫೋಟೋ ಅದು. ಹಿಂದೆ ಬ್ಯಾನರ್. ಮುಂದೆ ಇಬ್ಬರು ಹುಡುಗಿಯರು, ನಡುವೆ ಒಂದು ನೀಲಿ ಬ್ಯಾಗ್. ಬ್ಯಾಗಿನ ಮೇಲೆ ಸಂಘದ ಹೆಸರು ದೊಡ್ಡದಾಗಿ ಅಚ್ಚಾಗಿದೆ. ಇಬ್ಬರ ಕೈಯೂ ಬ್ಯಾಗಿನ ಮೇಲಿದೆ. ಕಾವ್ಯ ಕ್ಯಾಮೆರಾ ನೋಡಿ ನಗುತ್ತಿದ್ದಾಳೆ. ಇನ್ನೊಬ್ಬಳ ಮುಖ ಕೆಳಗಿದೆ.

"ಅವಳು ರೇಖಾ. ನನ್ನ ಕ್ಲಾಸೇ. ಅವಳು ಅಲ್ಲಿರ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮೇಡಂ. ಸಾಲಿನಲ್ಲಿ ನೋಡಿದ ಕೂಡಲೇ ಬ್ಯಾಗ್ ಕೊಟ್ಟು ಕಳಿಸಿಬಿಡೋಣ ಅಂದ್ಕೊಂಡೆ. ಒಬ್ರು ಆಂಟಿ, ಫೋಟೋ ಆಗೋವರೆಗೂ ಬ್ಯಾಗ್ ಬಿಡಬೇಡ, ಸ್ವಲ್ಪ ನಗು ಅಂದ್ರು. ನಕ್ಕೆ."

ಆ ಫೋಟೋ ಸಂಜೆ ತಾಯಿಯ ವಾಟ್ಸಾಪ್ ಸ್ಟೇಟಸ್‌ಗೆ ಹೋಯಿತು. ಅಲ್ಲಿಂದ ಇನ್ನೊಂದು ಮನೆಗೆ, ಅಲ್ಲಿಂದ ಮಕ್ಕಳ ಕ್ಲಾಸ್ ಗ್ರೂಪಿಗೆ. ರೇಖಾ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟಿನಲ್ಲಿ ಓದುತ್ತಿದ್ದವಳು. ಅವಳ ಅಪ್ಪ ಏನು ಕೆಲಸ ಮಾಡುತ್ತಾರೆ ಅನ್ನುವುದು ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳೂ ಹೇಳಿಕೊಂಡಿರಲಿಲ್ಲ. "ನಮ್ ಕ್ಲಾಸಲ್ಲೂ ಫ್ರೀ ಬ್ಯಾಗ್ ಇಸ್ಕೊಳ್ಳೋರು ಇದಾರಾ" ಎಂದು ಒಬ್ಬ ಬರೆದ. ಅದರ ಕೆಳಗೆ ಬಂದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಪ್ಪನ ಕೆಲಸ ಹಿಡಿದು, ಜಾತಿ ಹಿಡಿದು ಆಡಿದ ಮಾತುಗಳು ಅವು. ರೇಖಾ ಗ್ರೂಪ್ ಬಿಟ್ಟಳು. ಕಾವ್ಯಳ ಫೋನ್ ಎತ್ತಲಿಲ್ಲ. ಕೆಲವು ದಿನದಲ್ಲೇ ಅವಳು ಶಾಲೆಯನ್ನೂ ಬಿಡುತ್ತಿದ್ದಾಳೆ ಎಂಬ ಸುದ್ದಿ ಬಂತು. ತನ್ನಿಂದಲೇ ಹೀಗಾಯಿತು ಎಂದು ಕಾವ್ಯ ಒಳಗೊಳಗೇ ಕುದಿಯುತ್ತಿದ್ದಳು.

ಅವಳ ನಿದ್ದೆ, ಊಟದ ಬಗ್ಗೆ ಕೇಳಿದೆ. ಸಾಯಬೇಕು ಅಂತ, ತನಗೆ ತಾನೇ ನೋವು ಮಾಡಿಕೊಳ್ಳಬೇಕು ಅಂತ ಅನಿಸಿದೆಯಾ ಎಂದೂ ನೇರವಾಗಿಯೇ ಕೇಳಿದೆ. ಹಾಗೆ ಕೇಳುವುದರಿಂದ ಮಕ್ಕಳ ತಲೆಯಲ್ಲಿ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಪೋಷಕರು ಹೆದರಬೇಕಾಗಿಲ್ಲ. ಅಂಥದ್ದೇನೂ ಇರಲಿಲ್ಲ. ಇದ್ದದ್ದು ನಾಚಿಕೆ, ತಪ್ಪು ಮಾಡಿದೆ ಅನ್ನುವ ಸಂಕಟ, ಅಮ್ಮನ ಮೇಲೆ ಹೇಳಿಕೊಳ್ಳಲಾಗದ ಸಿಟ್ಟು.

ಶಾಲೆ ಬಿಡುವ ವಿಷಯವನ್ನು ಮೊದಲು ಬಿಡಿಸಿ ಹೇಳಿದೆ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಖಾಸಗಿ ಶಾಲೆಯ ಉಚಿತ ಸೀಟು ಆ ಕಾಯ್ದೆಯಡಿ ಎಂಟನೇ ಕ್ಲಾಸಿನವರೆಗೆ ಮಾತ್ರ. ಒಂಬತ್ತಕ್ಕೆ ಬಂದ ಕೂಡಲೇ ಪೂರ್ತಿ ಫೀಸು ಕಟ್ಟಬೇಕು. ಕಟ್ಟಲು ಆಗದ ಮನೆಯವರು ಮಕ್ಕಳನ್ನು ಸರ್ಕಾರಿ ಹೈಸ್ಕೂಲಿಗೆ ಸೇರಿಸುತ್ತಾರೆ. ಎಂಟು ವರ್ಷ ಜೊತೆಗೆ ಕೂತ ಮಕ್ಕಳು ಹೀಗೆ ಒಂದು ಬೇಸಿಗೆಯಲ್ಲಿ ಬೇರೆಯಾಗುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕಾವ್ಯಳಿಗೆ ಇದು ಯಾವುದೂ ಗೊತ್ತಿರಲಿಲ್ಲ. "ಹಾಗಾದ್ರೆ ನನ್ನಿಂದ ಅಲ್ವಾ?" ಎಂದು ಮತ್ತೆ ಮತ್ತೆ ಕೇಳಿದಳು. ಶಾಲೆ ಬಿಡುವುದಕ್ಕೆ ನೀನು ಕಾರಣ ಅಲ್ಲ ಅನಿಸುತ್ತೆ, ಆದರೆ ಅವಳಿಗೆ ಆ ಫೋಟೋದಿಂದ ನೋವಾಗಿದ್ದು ನಿಜ ಅಂದೆ. ಎರಡನ್ನೂ ಹೇಳಬೇಕಿತ್ತು. "ನಿಂದೇನೂ ತಪ್ಪಿಲ್ಲ ಪುಟ್ಟಿ, ಬಿಡು" ಅಂದಿದ್ದರೆ ಅವಳು ನನ್ನನ್ನು ನಂಬುತ್ತಿರಲಿಲ್ಲ.

ಆಮೇಲೆ ಇಬ್ಬರೂ ಕೂತು ಯಾರ ಪಾಲು ಎಷ್ಟು ಅಂತ ಬೇರೆ ಮಾಡಿದೆವು. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ್ದು, ಬ್ಯಾನರ್ ಕಟ್ಟಿದ್ದು, ಸ್ಟೇಟಸ್ ಹಾಕಿದ್ದು ದೊಡ್ಡವರು. ಗ್ರೂಪಿನಲ್ಲಿ ಹೀಯಾಳಿಸಿದ್ದು ಬೇರೆ ಮಕ್ಕಳು. ಆ ಮಾತುಗಳು ಬಂದಾಗ ಸುಮ್ನೆ ಇದ್ದದ್ದು ಮಾತ್ರ ತನ್ನ ಪಾಲಿಂದು ಎಂದು ಕಾವ್ಯಳೇ ಹೇಳಿದಳು. ಆ ಪ್ರಾಮಾಣಿಕತೆ ನನಗೆ ತುಂಬಾ ಹಿಡಿಸಿತು.

ತಾಯಿಯ ಜೊತೆಗಿನ ಮಾತು ಇಷ್ಟು ಸಲೀಸಾಗಲಿಲ್ಲ. ಮಗಳ ಒಪ್ಪಿಗೆ ಪಡೆದೇ ವಿಷಯ ತಿಳಿಸಿದೆ. ಅವರಿಗೆ ಬೇಜಾರಾಯಿತು, ಸಿಟ್ಟೂ ಬಂತು. "ಒಳ್ಳೇದು ಮಾಡೋಕೆ ಹೋಗಿ ನಾವೇ ಕೆಟ್ಟೋರಾದ್ವಾ ಮೇಡಂ? ಫೋಟೋ ಇಲ್ದಿದ್ರೆ ದುಡ್ಡು ಕೊಟ್ಟೋರು ಲೆಕ್ಕ ಕೇಳಲ್ವಾ? ಇವಳಿಗೂ ಒಂದು ಸರ್ಟಿಫಿಕೇಟ್ ಸಿಗ್ಲಿ, ಕಷ್ಟ ಅಂದ್ರೇನು ಅಂತ ಗೊತ್ತಾಗ್ಲಿ ಅಂತ ಕರ್ಕೊಂಡು ಹೋದೆ."

ಅವರ ಕಾಳಜಿ ಸುಳ್ಳಲ್ಲ. ಬಿಸಿಲಲ್ಲಿ ಮನೆ ಮನೆ ಸುತ್ತಿ ಹಣ ಕೂಡಿಸಿದವರು ಅವರು. ಹಾಗಾಗಿ ವಾದಕ್ಕಿಳಿಯದೆ, ಈ ಕೆಲಸದ ಮೇಲೆ ಇಷ್ಟು ಆಸೆ ಹೇಗೆ ಬಂತು ಎಂದು ಕೇಳಿದೆ. ಅವರ ಚಿಕ್ಕಂದಿನಲ್ಲಿ ಮನೆಯಲ್ಲಿ ತುಂಬಾ ಕಷ್ಟವಿತ್ತಂತೆ. ಏಳನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು ವರ್ಷವಿಡೀ ನೋಟ್‌ಬುಕ್ ಕೊಡಿಸಿದ್ದರಂತೆ. ಹೇಗೆ ಕೊಡುತ್ತಿದ್ದರು ಎಂದು ಕೇಳಿದೆ. "ಸ್ಟಾಫ್ ರೂಮಿಗೆ ಕರೀತಿದ್ರು. ಕಾಪಿ ತಿದ್ದಿದ್ದೀನಿ ತಗೊಂಡು ಹೋಗು ಅನ್ನೋರು. ತಿದ್ದಿದ ಪುಸ್ತಕದ ಕೆಳಗೆ ಹೊಸಾದು ಇಟ್ಟಿರೋರು. ಯಾರಿಗೂ..." ಅಲ್ಲಿಗೆ ಮಾತು ನಿಲ್ಲಿಸಿದರು. ಆಮೇಲೆ ನಾನು ವಿವರಿಸುವಂಥದ್ದು ಹೆಚ್ಚೇನೂ ಉಳಿಯಲಿಲ್ಲ.

ತಾಯಿಗೆ ಕೊಟ್ಟ ಸಲಹೆ ಹೀಗಿತ್ತು. ಸ್ಟೇಟಸ್ ತೆಗೆದರೆ ಸಾಲದು, ಫೋಟೋ ಯಾರ್‍ಯಾರಿಗೆ ಹೋಗಿದೆಯೋ ಅವರಿಗೆಲ್ಲ ಫೋನ್ ಮಾಡಿ ಅಳಿಸಲು ಹೇಳಿ. ರೇಖಾಳ ತಾಯಿಯ ಹತ್ತಿರ ನೀವೇ ಮಾತಾಡಿ, ಮಗಳನ್ನು ಮುಂದೆ ಬಿಡಬೇಡಿ. ಹೋಗುವಾಗ ಹಣ್ಣು, ಬಟ್ಟೆ ಏನೂ ಒಯ್ಯಬೇಡಿ. ನಿಮ್ಮನ್ನು ಕೇಳದೆ ಮಗುವಿನ ಫೋಟೋ ಹಾಕಿದ್ದು ನಮ್ಮ ತಪ್ಪು ಅಂತ ಹೇಳಿ, ಅವರು ಬೈದರೆ ಕೇಳಿಸಿಕೊಳ್ಳಿ. ಗ್ರೂಪಿನ ಮಾತುಗಳ ವಿಷಯವನ್ನು ಶಾಲೆಯ ಮುಖ್ಯಸ್ಥರ ಗಮನಕ್ಕೆ ತನ್ನಿ, ಆದರೆ ಮೊದಲು ರೇಖಾಳ ಮನೆಯವರ ಒಪ್ಪಿಗೆ ಕೇಳಿ. ಜಾತಿ ಹಿಡಿದು ಆಡಿದ ಮಾತನ್ನು ಮಕ್ಕಳಾಟ ಅಂತ ಬಿಡುವ ಹಾಗಿಲ್ಲ. ಹಣ ಕೊಟ್ಟವರಿಗೆ ಬಿಲ್ಲು, ಖರ್ಚಿನ ಪಟ್ಟಿ ತೋರಿಸಿದರೆ ಸಾಕು. ಮಕ್ಕಳ ಮುಖ ಯಾಕೆ ಬೇಕು?

ಕಾವ್ಯಳಿಗೆ ಕ್ಷಮೆ ಕೇಳುವ ಆಸೆ ಇತ್ತು. ಅವಳು ಬರೆದುಕೊಂಡು ಬಂದಿದ್ದ ಉದ್ದನೆಯ ಮೆಸೇಜಿನಲ್ಲಿ "ನಂಗೆ ನಿದ್ದೆ ಬರ್ತಿಲ್ಲ, ಪ್ಲೀಸ್ ಮಾತಾಡು" ಎಂದೇ ಜಾಸ್ತಿ ಇತ್ತು. ಇದನ್ನು ಓದಿದರೆ ರೇಖಾ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತೆ, ಅಲ್ವಾ ಎಂದು ಕೇಳಿದೆ. ಅವಳೇ ಹೊಡೆದು ಹಾಕಿ ಹೊಸದಾಗಿ ಬರೆದಳು. ನಾನು ಆವತ್ತು ಬ್ಯಾಗ್ ಹಿಡಿದು ನಕ್ಕಿದ್ದು ತಪ್ಪು. ಗ್ರೂಪಲ್ಲಿ ಅವರು ಹಾಗೆ ಬರೆದಾಗ ಸುಮ್ಮನಿದ್ದಿದ್ದು ಅದಕ್ಕಿಂತ ತಪ್ಪು. ಫೋಟೋ ಡಿಲೀಟ್ ಮಾಡಿಸಿದ್ದೀವಿ. ನೀನು ಉತ್ತರ ಕೊಡದಿದ್ರೂ ಪರವಾಗಿಲ್ಲ. ಇಷ್ಟೇ. ಆ ಕೊನೆಯ ಸಾಲು ಬರೆಯಲು ಅವಳಿಗೆ ತುಂಬಾ ಹೊತ್ತು ಹಿಡಿಯಿತು.

ಇನ್ನು ರಜೆಯ ಉಳಿದ ದಿನಗಳು. "ಸೇವೆ ಗೀವೆ ಯಾವತ್ತೂ ಬೇಡ" ಅಂದಿದ್ದಳು. ಬೇಡ ಅನ್ನುವ ಹಕ್ಕು ಮಗುವಿಗೆ ಇರಬೇಕು, ಬಲವಂತ ಮಾಡಬೇಡಿ ಎಂದು ಮನೆಯವರಿಗೆ ಹೇಳಿದ್ದೆ. ಆದರೆ ಮುಂದಿನ ಭೇಟಿಗೆ ಬಂದಾಗ ಅವಳೇ ಬೇರೆ ಸುದ್ದಿ ತಂದಳು. ಅವರ ಬೀದಿ ಕೊನೆಯ ಬಸ್ ಸ್ಟಾಪಿನ ಹತ್ತಿರ ಒಬ್ಬ ಅಜ್ಜ ಪ್ರತಿ ಬೇಸಿಗೆ ಅರವಟ್ಟಿಗೆ ಇಡುತ್ತಾರೆ. ಈ ಸಲ ಅವರಿಗೆ ಮಂಡಿ ನೋವು, ಕೊಡ ಎತ್ತಲು ಆಗುತ್ತಿರಲಿಲ್ಲ. ಕಾವ್ಯ ಬೆಳಿಗ್ಗೆ ಅಪ್ಪನ ಜೊತೆ ಹೋಗಿ ಮಡಕೆಗಳನ್ನು ತೊಳೆಯುತ್ತಾಳೆ. ಕೆಳಗಿನ ಮರಳು ನೆನೆಸುತ್ತಾಳೆ, ಒದ್ದೆ ಬಟ್ಟೆ ಸುತ್ತುತ್ತಾಳೆ, ಅಪ್ಪ ತಂದ ನೀರನ್ನು ಸೋಸಿ ತುಂಬಿಸುತ್ತಾಳೆ. ಬಿಸಿಲು ಏರುವ ಮೊದಲೇ ಮನೆಗೆ ವಾಪಸ್. ನೀರು ಕುಡಿಯುವವರು ಬಸ್ ಕಂಡಕ್ಟರ್, ಸೊಪ್ಪು ಮಾರುವವರು, ಬಸ್ಸಿಗೆ ಕಾಯುವ ಯಾರೋ. ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ. ಕೊಟ್ಟವರು ಯಾರು ಅಂತ ಯಾರೂ ಕೇಳುವುದಿಲ್ಲ. "ಅದೇ ಇಷ್ಟ ಆಯ್ತು ಮೇಡಂ. ನಾನೂ ಅಲ್ಲೇ ನೀರು ಕುಡಿದು ಬರ್ತೀನಿ" ಅಂದಳು.

ರಜೆಯಲ್ಲಿ ಮಕ್ಕಳನ್ನು ಸೇವೆಗೆ ಕಳಿಸುವುದು ಸರಿಯಾ ಎಂದು ಈ ಪ್ರಕರಣ ಕೇಳಿದ ಕೆಲವು ಪೋಷಕರು ವಿಚಾರಿಸಿದ್ದಾರೆ. ಖಂಡಿತ ಕಳಿಸಿ. ಮಕ್ಕಳಿಗೆ ತಮ್ಮ ಕೈಯಿಂದ ನಿಜವಾದ ಉಪಯೋಗವಾಗಬೇಕು ಅನ್ನುವ ಹಸಿವು ಇರುತ್ತದೆ, ಸಮ್ಮರ್ ಕ್ಯಾಂಪಿನ ಬಣ್ಣದ ಕಾಗದದಿಂದ ಅದು ತೀರುವುದಿಲ್ಲ. ಆದರೆ ಕೆಲಸ ಮನೆಯ ಹತ್ತಿರದ್ದಾಗಿರಲಿ, ಚಿಕ್ಕದಾಗಿರಲಿ, ಕೆಲವು ವಾರ ಬಿಡದೆ ಮಾಡುವಂಥದ್ದಾಗಿರಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಪುಟ್ಟ ಮಕ್ಕಳಿಗೆ ಕಥೆ ಓದಿ ಹೇಳುವುದು, ಪಕ್ಕದ ಮನೆಯ ಅಜ್ಜಿಗೆ ಔಷಧಿ ಚೀಟಿ ಓದಿ ಹೇಳುವುದು, ಕಳೆದ ವರ್ಷದ ಪುಸ್ತಕಗಳನ್ನು ಜೋಡಿಸಿ ಮುಂದಿನ ಕ್ಲಾಸಿನವರಿಗೆ ತಲುಪಿಸುವುದು, ಇವೆಲ್ಲ ಹತ್ತು ಹನ್ನೆರಡು ವರ್ಷದವರು ಚೆನ್ನಾಗಿ ಮಾಡುತ್ತಾರೆ. ದೊಡ್ಡ ಒಲೆಯ ಮುಂದೆ ಅನ್ನಸಂತರ್ಪಣೆಯ ಅಡುಗೆ, ಬರಿಗೈಯಲ್ಲಿ ಕಸ ಆರಿಸುವುದು, ಒಬ್ಬರೇ ಮನೆ ಮನೆಗೆ ಚಂದಾ ಎತ್ತಲು ಹೋಗುವುದು ಬೇಡ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಬಿಸಿಲಿಗೆ ಬಿಡಬೇಡಿ.

ಮಗು ಯಾರ ಜೊತೆ ಇರುತ್ತದೆ ಅನ್ನುವುದನ್ನು ಕಳಿಸುವ ಮೊದಲೇ ಹೋಗಿ ನೋಡಿ. ಒಬ್ಬರೇ ದೊಡ್ಡವರ ಜೊತೆ, ಮುಚ್ಚಿದ ಜಾಗದಲ್ಲಿ ಮಗು ಇರಬಾರದು. ಅವರು ಎಷ್ಟೇ ಗೌರವಸ್ಥರಾಗಿರಲಿ, ಈ ನಿಯಮ ಸಡಿಲಿಸಬೇಡಿ. ಏನಾದರೂ ತೊಂದರೆ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಮಗುವೂ ಮಾಡಬಹುದು. ಸೇವೆಯ ಹೆಸರಿನಲ್ಲಿ ಯಾರದೋ ಅಂಗಡಿ, ಹೋಟೆಲಿನಲ್ಲಿ 14 ವರ್ಷದೊಳಗಿನವರನ್ನು ದುಡಿಸಿಕೊಂಡರೆ ಅದು ಬಾಲಕಾರ್ಮಿಕತನ. ಕಾನೂನು ಒಪ್ಪುವುದಿಲ್ಲ.

ಜೂನ್ ಹೊತ್ತಿಗೆ ಕಾವ್ಯಳ ನಿದ್ದೆ, ಊಟ ಸರಿಯಾಗಿತ್ತು. ರೇಖಾ ಸರ್ಕಾರಿ ಹೈಸ್ಕೂಲಿಗೆ ಸೇರಿದ್ದಾಳೆ. ಒಂಬತ್ತರ ಫೀಸೇ ಕಾರಣ, ಮಾರ್ಚಿನಲ್ಲೇ ನಿರ್ಧಾರ ಮಾಡಿದ್ದೆವು ಎಂದು ಅವಳ ತಾಯಿಯೇ ಹೇಳಿದರಂತೆ. ಕಾವ್ಯಳ ಮೆಸೇಜಿಗೆ ರೇಖಾ "ಓದಿದೆ" ಎಂದಷ್ಟೇ ಉತ್ತರಿಸಿದ್ದಾಳೆ. ಅದಕ್ಕಿಂತ ಹೆಚ್ಚಿಗೆ ಸದ್ಯಕ್ಕೆ ಕೇಳಬಾರದು ಎಂದು ನಾವಿಬ್ಬರೂ ಒಪ್ಪಿದ್ದೇವೆ. ತಾಯಿ ಸಂಘದ ಇಬ್ಬರನ್ನು ಕರೆದುಕೊಂಡು ಕಾಲೋನಿಗೆ ಬರಿಗೈಯಲ್ಲಿ ಹೋಗಿ, ಏನು ಬೇಕು ಎಂದು ಮೊದಲ ಬಾರಿ ಕೇಳಿದ್ದಾರೆ. ಪಠ್ಯಪುಸ್ತಕ, ಯೂನಿಫಾರ್ಮ್ ಸರ್ಕಾರಿ ಶಾಲೆಯಲ್ಲೇ ಸಿಗುತ್ತೆ, ಬ್ಯಾಗ್ ಮನೆಯಲ್ಲಿ ಮೂರು ಬಿದ್ದಿವೆ, ಗಣಿತ ಹೇಳಿಕೊಡೋರು ಬೇಕು, ಆರ್‌ಟಿಇಯಲ್ಲಿ ಎಂಟು ಮುಗಿಸಿದ ಮಕ್ಕಳಿಗೆ ಮುಂದಿನ ಫೀಸಿಗೆ ದಾರಿ ಬೇಕು ಎಂದು ಅಲ್ಲಿನ ಹೆಂಗಸರು ಹೇಳಿದ್ದಾರೆ. ಸಂಜೆ ಟ್ಯೂಷನ್‌ಗೆ ಕಾಲೋನಿಯವರೇ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ. ಫೀಸಿನ ವಿಷಯದಲ್ಲಿ ಸಂಘ ಇನ್ನೂ ಶಾಲೆಯ ಆಡಳಿತದ ಜೊತೆ ಮಾತಾಡುತ್ತಿದೆ.