ಬಸ್ಸು ಊರು ಮುಟ್ಟಿಸಿದರೆ ಸಾಕೇ?

ಪತ್ರ: ಬೋರ್ಡು ಯಾವ ಭಾಷೆಯಲ್ಲಿದ್ದರೇನು, ಬಸ್ಸು ಊರು ಮುಟ್ಟಿಸಿದರೆ ಸಾಕು. ಭಾಷೆ ಬರಿಯ ಸಾಧನ. ಪದಕ್ಕೂ ಅರ್ಥಕ್ಕೂ ಸಹಜವಾದ ನಂಟಿಲ್ಲವೆಂದು ಭಾಷಾವಿಜ್ಞಾನಿ ಸೊಸ್ಯೂರ್ ಹೇಳಿಲ್ಲವೇ? ಫಲಕಗಳಲ್ಲಿ ಕನ್ನಡವಿಲ್ಲವೆಂದು ನಿಮ್ಮ ಪತ್ರಿಕೆಯಲ್ಲಿ ಸಂಚಿಕೆ ಸಂಚಿಕೆಗೂ ಗೋಳೇಕೆ?
- ನಿವೃತ್ತ ಅಧ್ಯಾಪಕರು, ಬದಿಯಡ್ಕ

ಸಂಪಾದಕರ ಉತ್ತರ: ಮಾಸ್ತರರೇ, ಸೊಸ್ಯೂರ್‌ನನ್ನು ಓದಿಕೊಂಡು ಜಗಳಕ್ಕೆ ಬರುವವರು ಕಾಸರಗೋಡಿನಲ್ಲಿ ಇನ್ನೂ ಇದ್ದಾರಲ್ಲ, ಮೊದಲು ಅದಕ್ಕೆ ಸಂತೋಷ. ನಿಮ್ಮ ಮಾತಿನಲ್ಲಿ ನಿಜವೇ ಇಲ್ಲವೆನ್ನಲಾರೆ. ಮಲಯಾಳ ಬಲ್ಲ ಹುಡುಗನಿಗೆ ಇಲ್ಲಿ ನೌಕರಿಯ ದಾರಿ ಸಲೀಸು. ಕಲಿಯಲಿ, ಒಳ್ಳೆಯ ಭಾಷೆ.

ಆದರೆ ಸೊಸ್ಯೂರ್‌ನನ್ನು ನೀವು ಅರ್ಧಕ್ಕೇ ಮಡಚಿಟ್ಟಂತಿದೆ. ಆ ನಂಟು ಸಹಜವಲ್ಲ ಎಂದವನೇ, ಹಾಗೆಂದು ಯಾರೊಬ್ಬನೂ ತನ್ನಿಷ್ಟದಂತೆ ಅದನ್ನು ಬದಲಿಸಲಾರ, ಸಮುದಾಯದ ಕಟ್ಟಿಗೆ ಎಲ್ಲರೂ ಒಳಪಟ್ಟವರು ಎಂದೂ ಹೇಳಿದ. ಕಟ್ಟುವವರು ಯಾರು, ಒಳಪಡುವವರು ಯಾರು ಎಂಬುದು ನನ್ನ ತಕರಾರು.

ಇಲ್ಲಿ ನನಗೆ ಹತ್ತಿರದವನು ಸಮಾಜಶಾಸ್ತ್ರಜ್ಞ ಬೋರ್ದ್ಯೂ. ಫ್ರಾನ್ಸಿನ ನೈಋತ್ಯ ಮೂಲೆಯ ಬೆಯಾರ್ನ್ ಸೀಮೆಯವನು. ಮನೆಮಾತು ಬೇರೆ, ಕಚೇರಿಯ ಮಾತು ಬೇರೆ ಆದ ಊರನ್ನು ಕಂಡವನು. ಅವನೇ ಬರೆದ ಪ್ರಸಂಗವಿದು: 1974ರಲ್ಲಿ ಅಲ್ಲಿನ ಪೋ ನಗರದ ಮೇಯರ್, ಬೆಯಾರ್ನಿನ ಕವಿಯೊಬ್ಬರ ಗೌರವ ಸಮಾರಂಭದಲ್ಲಿ ಆ ಸೀಮೆಯ ಮಾತಿನಲ್ಲೇ ಭಾಷಣ ಮಾಡಿದರು. ಸಭಿಕರ ಮನಸ್ಸು ತುಂಬಿ ಬಂತೆಂದು ಸ್ಥಳೀಯ ಪತ್ರಿಕೆ ಬರೆಯಿತು, ಫ್ರೆಂಚಿನಲ್ಲಿ! ತಮ್ಮದೇ ಮಾತು ಕೇಳಿ ಇಷ್ಟು ಪುಳಕವೇಕೆ? ಆಡಿದವರು ದೊಡ್ಡ ಭಾಷೆಯ ಪೀಠದಿಂದ ಇಳಿದು ಬಂದವರು, ಅದಕ್ಕೆ. ಅದನ್ನೇ ರೈತನೊಬ್ಬ ಆಡಿದ್ದರೆ ಯಾರ ಕಿವಿಯೂ ನಿಮಿರುತ್ತಿರಲಿಲ್ಲ. ನಮ್ಮಲ್ಲೂ ವೇದಿಕೆಯೇರಿದ ಮಂತ್ರಿಗಳು ಕನ್ನಡದಲ್ಲಿ ‘ಎಲ್ಲರಿಗೂ ನಮಸ್ಕಾರ’ ಎಂದೊಡನೆ ಚಪ್ಪಾಳೆಯ ಸುರಿಮಳೆ. ಆಮೇಲಿನದೆಲ್ಲ ಮಲಯಾಳ.

ಬಸ್ಸಿನ ಮಾತು ಬಿಡಿ, ಅದಕ್ಕೆ ಕಂಡಕ್ಟರನ ಕೂಗಾದರೂ ಉಂಟು. ವಿಲೇಜ್ ಆಫೀಸಿನ ಕಿಟಕಿಗೆ ಬನ್ನಿ. ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳಿ ಎದುರಾಳಿಯ ಬಾಯಿ ಕಟ್ಟಿಸುವ ಹಿರಿಯರೊಬ್ಬರನ್ನು ಅಲ್ಲಿ ಕಂಡೆ. ಮಲಯಾಳದ ಫಾರಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೊನೆಗೆ ಪಕ್ಕದಲ್ಲಿದ್ದ ಹುಡುಗನಿಗೆ, ‘ಇದೊಂದು ತುಂಬಿಸಿ ಕೊಡುತ್ತೀಯಾ ಮಾರಾಯ?’ ಎಂದರು. ಸಹಿ ಎಲ್ಲಿ ಹಾಕಬೇಕೆಂದು ಅವನೇ ಬೆರಳಿಟ್ಟು ತೋರಿಸಿದ. ಅವರನ್ನು ಯಾರೂ ಗದರಲಿಲ್ಲ, ತಡೆಯಲಿಲ್ಲ. ಗದರದೆಯೇ ಮನುಷ್ಯನನ್ನು ಕುಗ್ಗಿಸುವ, ಕುಗ್ಗಿದವನೂ ‘ಇದು ಹೀಗೆಯೇ’ ಎಂದು ಒಪ್ಪಿಕೊಳ್ಳುವ ಈ ಬಗೆಗೇ ಬೋರ್ದ್ಯೂ ಸಾಂಕೇತಿಕ ಹಿಂಸೆ ಎಂದದ್ದು.

1956ರ ನವೆಂಬರ್ 1ರಂದು ನಾವು ಕೇರಳದವರಾದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ತಕರಾರಿನ ಮಹಾಜನ ಆಯೋಗ 1967ರಲ್ಲಿ ಬರೆದದ್ದು ಕಾಗದದಲ್ಲೇ ಉಳಿಯಿತು. ಬೆಂಗಳೂರಿಗೆ ನಮ್ಮ ನೆನಪಾಗುವುದು ನವೆಂಬರಿನಲ್ಲಿ: ಒಂದು ಶಾಲು, ಒಂದು ಹಾರ, ಒಂದು ಫೋಟೊ. ನಾವೇನು ಕಡಿಮೆಯೇ? ಕನ್ನಡ ಶಾಲೆ ಉಳಿಸಿ ಎಂದು ಮೈಕಿನೆದುರು ಕೂಗುವವರ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ. ಅವರ ಮನೆಯ ಮದುವೆ ಕಾಗದವೂ ಇಂಗ್ಲಿಷಿನಲ್ಲೇ.

ಮಾಸ್ತರರೇ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ನಿಮಗೊಂದು ಕೆಲಸ ಹಚ್ಚುತ್ತೇನೆ. ಏನಾದರೊಂದು ದೂರನ್ನು ಕನ್ನಡದಲ್ಲಿ ಬರೆದು ಕಚೇರಿಗೆ ಕೊಟ್ಟು ಬನ್ನಿ. ಉತ್ತರ ಎಷ್ಟು ದಿನಕ್ಕೆ, ಯಾವ ಭಾಷೆಯಲ್ಲಿ ಬಂತೆಂದು ತಿಳಿಸಿ. ಎರಡನ್ನೂ ಅಕ್ಷರ ಬಿಡದೆ ಪ್ರಕಟಿಸುತ್ತೇವೆ.