ಅರ್ಧ ಸುತ್ತಿಗೇ ಹಿಂದಕ್ಕೆ ವಾಲುತ್ತೇನೆ, ಏನು ಮಾಡಲಿ?

ಪ್ರಶ್ನೆ: ನನಗೆ 22 ವರ್ಷ. ಊರು ಬದಿಯಡ್ಕದ ಹತ್ತಿರ. ಶಾಲೆಯಲ್ಲಿದ್ದಾಗ ನಾಲ್ಕು ವರ್ಷ ತೆಂಕುತಿಟ್ಟಿನ ಯಕ್ಷಗಾನದ ಹೆಜ್ಜೆ ಕಲಿತಿದ್ದೆ. ಈಗ ಆರು ತಿಂಗಳಿಂದ ಮೊಬೈಲ್‌ನಲ್ಲಿ ವಿಡಿಯೊ ನೋಡಿ ಬ್ಯಾಲೆ ಅಭ್ಯಾಸ ಮಾಡುತ್ತಿದ್ದೇನೆ. ಒಂದೇ ಕಾಲಿನ ಮೇಲೆ ಇದ್ದಲ್ಲೇ ಸುತ್ತುವ ಪಿರುವೆಟ್ ಮಾತ್ರ ಒಲಿಯುತ್ತಿಲ್ಲ. ಬಲಕ್ಕೆ ಅರ್ಧ ಸುತ್ತು ಬರುವಷ್ಟರಲ್ಲಿ ಹಿಂದಕ್ಕೆ ವಾಲುತ್ತೇನೆ. ಎರಡು ಮೂರು ಸಲ ಮಾಡಿದರೆ ತಲೆ ಸುತ್ತುತ್ತದೆ. ಹಾಲ್‌ನ ಟೈಲ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ಮಾಡುತ್ತೇನೆ. ಯಕ್ಷಗಾನದಲ್ಲಿ ಹಾರಿ ಹಾರಿ ಸುತ್ತುವ ಧೀಂಗಿಣ ಹೊಡೆಯುತ್ತಿದ್ದವಳಿಗೆ ಇದೇಕೆ ಬರುವುದಿಲ್ಲ? ಗಟ್ಟಿ ಮೂತಿಯ ಪಾಯಿಂಟ್ ಶೂ ತರಿಸಿದರೆ ಸುಲಭವಾಗುತ್ತದೆಯೇ?

ಉತ್ತರ: ಮೊದಲು ಸಾಕ್ಸ್ ಬಿಚ್ಚಿ. ಟೈಲ್ಸ್ ಮೇಲೆ ಸಾಕ್ಸ್ ತಿರುಗಿಸುವುದಿಲ್ಲ, ಜಾರಿಸುತ್ತದೆ. ಜಾರಿದ್ದನ್ನೇ ನಾವು ತಿರುಗಿದ್ದೇವೆ ಎಂದುಕೊಳ್ಳುತ್ತೇವೆ. ನಮ್ಮ ಕಡೆ ಮಳೆಗಾಲದಲ್ಲಿ ನೆಲವೇ ಬೆವರುತ್ತದೆ. ಅಂಥದೊಂದು ಜುಲೈಯಲ್ಲಿ ನಾನು ನನ್ನ ಮನೆಯ ಚಾವಡಿಯಲ್ಲೇ ಜಾರಿ ಮೂರು ವಾರ ಕುಂಟಿದ್ದೇನೆ. ತೆಳ್ಳಗಿನ ಕ್ಯಾನ್ವಾಸ್ ಬ್ಯಾಲೆ ಚಪ್ಪಲಿ ಸಾಕು, ಅದಿಲ್ಲದಿದ್ದರೆ ಬರಿಗಾಲು. ನಿಮ್ಮದು ಹಳೆಯ ಮನೆಯಾಗಿದ್ದು ಉಪ್ಪರಿಗೆಯ ಹಲಗೆ ಗಟ್ಟಿಯಿದ್ದರೆ ಅಲ್ಲಿಗೇ ಹೋಗಿ. ಮರ ಸ್ವಲ್ಪ ಬಗ್ಗುತ್ತದೆ, ಮೊಣಕಾಲಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮಗೆ ದೂರವೇನಲ್ಲ. ಆದ್ದರಿಂದ ಧೀಂಗಿಣದ ಮಾತಿನಿಂದಲೇ ಹೇಳಿದರೆ ಬೇಗ ತಿಳಿದೀತು. ಧೀಂಗಿಣದಲ್ಲಿ ನೀವು ನೆಲ ಬಿಟ್ಟು ಹಾರುತ್ತೀರಿ, ರಂಗಸ್ಥಳದಲ್ಲಿ ಜಾಗ ಬದಲಿಸುತ್ತ ಸಾಗುತ್ತೀರಿ. ಒಂದು ಸುತ್ತಿನ ರಭಸ ಮುಂದಿನದಕ್ಕೆ ಸಿಗುತ್ತದೆ, ಸ್ವಲ್ಪ ವಾಲಿದರೂ ಮುಂದಿನ ಹೆಜ್ಜೆ ಅದನ್ನು ನುಂಗಿಕೊಳ್ಳುತ್ತದೆ. ಪಿರುವೆಟ್‌ನಲ್ಲಿ ಆ ಮುಂದಿನ ಹೆಜ್ಜೆ ಇಲ್ಲ. ಒಂದೇ ಕಾಲಿನ ಬೆರಳಬುಡದ ಮೇಲೆ, ಇದ್ದಲ್ಲೇ, ಕಡೆಗೋಲಿನಂತೆ ನೆಟ್ಟಗೆ ತಿರುಗಬೇಕು. ನಿಮಗೆ ರಭಸ ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚಿದೆ ಎಂದು ನನ್ನ ಗುಮಾನಿ. ಕಡಿಮೆಯಿರುವುದು ನಿಲುವು.

ಹಿಂದಕ್ಕೆ ವಾಲುವ ಕಾರಣ ಬಹುತೇಕ ಹೊರಡುವ ಮೊದಲೇ ಇರುತ್ತದೆ. ಬಲಕ್ಕೆ ತಿರುಗುವಾಗ ಎಡಗಾಲು ಮುಂದೆ, ಬಲಗಾಲು ಹಿಂದೆ. ಮಂಡಿ ಬಗ್ಗಿಸುವುದು ಪ್ಲಿಯೆ, ಬೆರಳಬುಡದ ಮೇಲೆ ಏಳುವುದು ರೆಲೆವೆ. (14ನೇ ಲೂಯಿ 1661ರಲ್ಲಿ ಪ್ಯಾರಿಸ್‌ನಲ್ಲಿ ನೃತ್ಯ ಅಕಾಡೆಮಿ ತೆರೆದ, ಅಲ್ಲಿನ ಫ್ರೆಂಚ್ ಹೆಸರುಗಳನ್ನೇ ಜಗತ್ತು ಇಂದಿಗೂ ಹೇಳುತ್ತದೆ. ಹೆಸರಿಗೆ ಹೆದರಬೇಡಿ.) ಏಳುವ ಹೊತ್ತಿಗೆ ಮೈಭಾರ ಹಿಂದಿನ ಕಾಲಿನಲ್ಲೇ ಉಳಿದಿದ್ದರೆ ನೀವು ಎಡಗಾಲಿನ ಮೇಲೆ ಏಳುತ್ತಿಲ್ಲ, ಅದರ ಹಿಂದೆ ಏಳುತ್ತಿದ್ದೀರಿ. ಬೀಳದೆ ಇನ್ನೇನಾದೀತು? ಪ್ಲಿಯೆಯಲ್ಲಿರುವಾಗ ಹಿಂದಿನ ಹಿಮ್ಮಡಿಯನ್ನು ಒಮ್ಮೆ ಎತ್ತಿ ನೋಡಿ. ಮೈ ಅಲುಗಾಡದೆ ಎತ್ತಲು ಬಂದರೆ ಭಾರ ಮುಂದಿದೆ. ಎರಡನೆಯ ಕಾರಣ ಎದೆಗೂಡು. ಏಳುವ ಉತ್ಸಾಹದಲ್ಲಿ ಗಲ್ಲ ಮೇಲೆ, ಪಕ್ಕೆಲುಬು ಮುಂದೆ, ಬೆನ್ನು ಹಿಂದೆ ಹೋಗುತ್ತದೆ. ಕಿರೀಟ ಕಟ್ಟಿ ಕುಣಿದ ಅನುಭವವಿದ್ದರೆ ಅದನ್ನು ನೆನಪಿಸಿಕೊಳ್ಳಿ. ಕತ್ತು ಹಿಂದಕ್ಕೆ ಚೆಲ್ಲಲು ಅದು ಬಿಡುವುದಿಲ್ಲ.

ಎರಡು ವಾರ ತಿರುಗಲೇಬೇಡಿ. ಅದೇ ಪ್ಲಿಯೆಯಿಂದ ಎದ್ದು, ಬಲಗಾಲಿನ ಬೆರಳನ್ನು ಎಡ ಮೊಣಕಾಲಿಗೆ ತಾಗಿಸಿ, ನಾಲ್ಕು ಎಣಿಸುವವರೆಗೆ ನಿಲ್ಲಿ. ಎರಡು ವಾರ ಕಳೆದು ಹಾಗೆ ನಿಲ್ಲಲು ಬಂದ ಮೇಲೆ ಕಾಲುಭಾಗ ಸುತ್ತು, ಆಮೇಲೆ ಅರ್ಧ ಸುತ್ತು. ಪ್ರತಿ ಸಲವೂ ಕೊನೆಯಲ್ಲಿ ಒಂದು ಕ್ಷಣ ಮೇಲೆಯೇ ನಿಂತು ಅನಂತರ ಇಳಿಯಬೇಕು. ಧೊಪ್ಪನೆ ಬಿದ್ದದ್ದು ಲೆಕ್ಕಕ್ಕಿಲ್ಲ. ಎಡಕ್ಕೂ ಅಷ್ಟೇ ಸಲ ಮಾಡಿ.

ತಲೆಸುತ್ತು ಬರುವುದು ಕಿವಿಯೊಳಗಿನ ಅರ್ಧವರ್ತುಲ ನಾಳಗಳಿಂದ. ಮೈ ನಿಂತರೂ ಅಲ್ಲಿನ ದ್ರವ ಇನ್ನೂ ಚಲಿಸುತ್ತಿರುತ್ತದೆ. ಗೋಡೆಯಲ್ಲಿ ಕಣ್ಣೆತ್ತರಕ್ಕೆ ಒಂದು ಬಿಂದಿ ಅಂಟಿಸಿ. ಮೈ ತಿರುಗಲು ಹೊರಟರೂ ಕಣ್ಣು ಅದನ್ನು ಬಿಡಬಾರದು. ಇನ್ನು ಆಗದು ಎನ್ನುವಾಗ ತಲೆ ಸರಕ್ಕನೆ ತಿರುಗಿ, ಮೈಗಿಂತ ಮೊದಲು ಬಿಂದಿಗೆ ಮರಳಬೇಕು. ಮೊದಲು ನಿಂತಲ್ಲೇ, ಎರಡೂ ಪಾದದಲ್ಲಿ ಪುಟ್ಟ ಹೆಜ್ಜೆ ಇಡುತ್ತ ನಿಧಾನವಾಗಿ ಅಭ್ಯಾಸ ಮಾಡಿ. ನೃತ್ಯ ಬಿಟ್ಟ ಹೊತ್ತಿನಲ್ಲೂ ತಲೆ ಸುತ್ತುತ್ತಿದ್ದರೆ ಅದು ನನ್ನ ಅಂಕಣದ ವಿಷಯವಲ್ಲ, ವೈದ್ಯರಿಗೆ ತೋರಿಸಿ.

ವಿಡಿಯೊಗಳ ಬಗ್ಗೆ ನನ್ನ ತಕರಾರು ಒಂದೇ: ನೀವು ಅವನ್ನು ನೋಡುತ್ತೀರಿ, ಅವು ನಿಮ್ಮನ್ನು ನೋಡುವುದಿಲ್ಲ. ಎದುರು ನಿಂತು ಕಲಿಸುವವರ ಬಲ ನಿಮ್ಮ ಎಡವಾಗುತ್ತದೆ, ಬೆನ್ನು ತೋರಿಸಿ ಕಲಿಸುವ ವಿಡಿಯೊ ಹುಡುಕಿ, ಅರ್ಧ ವೇಗದಲ್ಲಿ ನೋಡಿ.

ಪಾಯಿಂಟ್ ಶೂ ಬೇಡವೇ ಬೇಡ. ಅದು ವರ್ಷಗಟ್ಟಲೆ ಕಲಿತು ಕಣಕಾಲು ಗಟ್ಟಿಯಾದ ಮೇಲೆ, ಗುರುಗಳೇ ನೋಡಿ ಹಾಕಿಸುವಂಥದ್ದು. ಆ ದುಡ್ಡಿನಲ್ಲಿ ನೇರ ಪ್ರಸಾರದಲ್ಲಿ ನಿಮ್ಮನ್ನು ನೋಡಿ ತಿದ್ದುವ ಶಿಕ್ಷಕರೊಬ್ಬರ ನಾಲ್ಕು ತರಗತಿ ತೆಗೆದುಕೊಳ್ಳಿ.

ಅಷ್ಟರವರೆಗೆ ಮೊಬೈಲನ್ನು ಸೊಂಟದೆತ್ತರದ ಸ್ಟೂಲಿನ ಮೇಲೆ ಇಟ್ಟು, ಬದಿಯಿಂದ ನಿಮ್ಮನ್ನು ಚಿತ್ರಿಸಿಕೊಳ್ಳಿ. ಎರಡು ವಾರದ ಬಳಿಕ ಹತ್ತು ಸೆಕೆಂಡಿನ ತುಣುಕು ಕಳುಹಿಸಿ. ಸುತ್ತು ಬೇಡ, ಏಳುವುದಷ್ಟೇ ಇರಲಿ.