ಬೀಜಿಂಗಿಗೆ ಬರುವವರೇ, ಸಿಜಿಟಿಎನ್ ನೋಡಿ, ಯಾರ ಮಾತೆಂದು ತಿಳಿದು ನೋಡಿ

ಕುಟುಂಬದ ಜೊತೆ ಬೀಜಿಂಗಿಗೆ ಬರುತ್ತಿದ್ದೀರಿ, ಚೀನೀ ಭಾಷೆ ಬಾರದು. ಮನೆಯ ಟಿವಿಯಲ್ಲಿ ಇಂಗ್ಲಿಷ್ ಸುದ್ದಿ ಸಿಗುತ್ತದಾ, ಅದನ್ನು ನಂಬಬಹುದಾ ಅಂತ ಕೇಳಿದ್ದೀರಿ.

ಸಿಗುತ್ತದೆ. ಚಾನೆಲ್ ಹೆಸರು ಸಿಜಿಟಿಎನ್, ಅಂದರೆ ಚೀನಾ ಗ್ಲೋಬಲ್ ಟೆಲಿವಿಷನ್ ನೆಟ್‌ವರ್ಕ್. ನಂಬುವ ವಿಚಾರಕ್ಕೆ ಬರುವ ಮುಂಚೆ ಅದು ಬೆಳೆದು ಬಂದ ದಾರಿ ಸ್ವಲ್ಪ ಗೊತ್ತಿರಲಿ.

ಸರ್ಕಾರಿ ಟಿವಿಯಾದ ಸಿಸಿಟಿವಿ ಹೊರಗಿನವರಿಗಾಗಿ ಶುರುಮಾಡಿದ ಮೊದಲ ಚಾನೆಲ್ ಸಿಸಿಟಿವಿ-4, 1992ರಲ್ಲಿ. ಅದು ಮುಖ್ಯವಾಗಿ ಪರದೇಶಗಳಲ್ಲಿ ನೆಲೆಸಿದ ಚೀನೀಯರಿಗೆ. ಇಂಗ್ಲಿಷಿಗೇ ಮೀಸಲಾದ ಸಿಸಿಟಿವಿ-9 ಬಂದದ್ದು 2000ದ ಸೆಪ್ಟೆಂಬರಿನಲ್ಲಿ. ಆಮೇಲೆ ಸ್ಪ್ಯಾನಿಷ್, ಫ್ರೆಂಚ್, ಅರಬ್ಬಿ, ರಷ್ಯನ್ ಸೇರಿದವು. 2012ರಲ್ಲಿ ನೈರೋಬಿ ಮತ್ತು ವಾಷಿಂಗ್ಟನ್ನಿನಿಂದಲೇ ಕಾರ್ಯಕ್ರಮ ಕೊಡಲು ಶುರುಮಾಡಿದರು. ಈ ಪರಭಾಷಾ ಚಾನೆಲ್ಲುಗಳಿಗೆ ಸಿಜಿಟಿಎನ್ ಎಂಬ ಈಗಿನ ಹೆಸರು ಬಂದದ್ದು 2016ರ ಕೊನೆಯ ದಿನ.

ಇದರ ಒಡೆತನದ ಪ್ರಶ್ನೆ ಲಂಡನ್ನಿನಲ್ಲಿ ಎದ್ದಿತು. ಪರವಾನಗಿ ಪಡೆದ ಕಂಪನಿಯ ಕೈಯಲ್ಲಿ ಸಂಪಾದಕೀಯ ಹಿಡಿತವೇ ಇಲ್ಲ ಎಂದು ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2021ರ ಫೆಬ್ರುವರಿಯಲ್ಲಿ ಲೈಸೆನ್ಸ್ ರದ್ದು ಮಾಡಿತು. ವಾರ ಕಳೆಯುವಷ್ಟರಲ್ಲಿ ಚೀನಾ ಬಿಬಿಸಿ ವರ್ಲ್ಡ್ ನ್ಯೂಸ್ ಅನ್ನು ನಿಷೇಧಿಸಿತು.

ನಮಗೆ ಇನ್ನೂ ಹತ್ತಿರದ್ದು ಲಡಾಖ್ ಗಡಿಯ ಗಲ್ವಾನ್ ಕಣಿವೆಯ ವಿಚಾರ. 2020ರ ಜೂನ್ ಘರ್ಷಣೆಯಲ್ಲಿ 20 ಯೋಧರನ್ನು ಕಳೆದುಕೊಂಡದ್ದನ್ನು ಭಾರತ ಮರುದಿನವೇ ಹೇಳಿತು. ತನ್ನ ನಾಲ್ವರು ಸತ್ತರೆಂದು ಚೀನಾ ಒಪ್ಪಿದ್ದು ಎಂಟು ತಿಂಗಳ ಮೇಲೆ. ಸರ್ಕಾರ ಬಾಯಿಬಿಡದಿರುವಾಗ ಸರ್ಕಾರದ ಚಾನೆಲ್ ಬಾಯಿಬಿಡುವುದಿಲ್ಲ. ಗಡಿ, ತೈವಾನ್, ಟಿಬೆಟ್, ಷಿನ್‌ಜಿಯಾಂಗ್ ಸುದ್ದಿ ಬಂದಾಗ ಇದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಇಲ್ಲಿನ ಸಹೋದ್ಯೋಗಿಗಳು ಕೇಳಿ ಬೆಳೆದದ್ದು ಸರ್ಕಾರದ ಅದೇ ಮಾತು, ಹಾಗಾಗಿ ಅವರ ಮೇಲೆ ಸಿಟ್ಟಾಗಬೇಡಿ.

ಹಾಗಂತ ಚಾನೆಲ್ಲನ್ನೇ ಬಿಡಬೇಡಿ. ಹೊಸ ರೈಲು ಮಾರ್ಗ, ಪ್ರಾಂತ್ಯಗಳ ಹಬ್ಬ, ಅಡುಗೆ, ಆಫ್ರಿಕಾದ ಸುದ್ದಿ ಇವೆಲ್ಲ ಬೇರೆಡೆ ಇಷ್ಟು ವಿವರವಾಗಿ ಸಿಗುವುದು ಕಷ್ಟ. ಸರ್ಕಾರ ಯಾವುದಕ್ಕೆ ಒತ್ತು ಕೊಡುತ್ತಿದೆ ಎಂಬುದೂ ತಿಳಿಯುತ್ತದೆ.

ಭಾಷೆ ಕಲಿಯುವುದಕ್ಕಂತೂ ಚೀನೀ ಚಾನೆಲ್ಲುಗಳೇ ಬೇಕು. ಇಲ್ಲಿನ ಧಾರಾವಾಹಿಗಳಲ್ಲಿ ಚೀನೀ ಅಕ್ಷರಗಳು ಕೆಳಗೆ ಬರುತ್ತಲೇ ಇರುತ್ತವೆ, ಕಿವಿ ಕಣ್ಣು ಒಟ್ಟಿಗೆ ಪಳಗುತ್ತವೆ. ಮನೆಯಲ್ಲೇ ಇರುವವರಿಗೆ ಇದು ದೊಡ್ಡ ಆಸರೆ. ಸಂಜೆ 7ಕ್ಕೆ ಹೆಚ್ಚಿನ ಪ್ರಾಂತೀಯ ಚಾನೆಲ್ಲುಗಳಲ್ಲೂ ಒಂದೇ ರಾಷ್ಟ್ರೀಯ ವಾರ್ತೆ ಬರುತ್ತದೆ. ಆಗ ಊರಲ್ಲಿ ನಾಲ್ಕೂವರೆ. ಅದು ಮುಗಿಸಿಕೊಂಡೇ ಅಮ್ಮನಿಗೆ ಫೋನ್ ಮಾಡಬಹುದು.